ಪುಟ್ಟ ಮೋಟಾರು ದೋಣಿಯಲ್ಲಿ ಹೊಳೆಯಿಂದ ಕಡಲಿಗೆ

ಜನವರಿ ತಿಂಗಳ ಒಂದು ಬೆಳಿಗ್ಗೆ, ಆರೂವರೆ ಗಂಟೆಯ ಹೊತ್ತಿಗೆ, ನಾವು ಹೊನ್ನಾವರದಲ್ಲಿ ಶರಾವತಿಯ ದಂಡೆಯ ಮೇಲೆ ನಿಂತಿದ್ದೆವು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರು ಆಳಕ್ಕೆ ಧುಮುಕಿದ ಹೊಳೆ ಇದೇ ಎಂದರೆ ನಂಬುವುದು ಕಷ್ಟ. ಇಲ್ಲಿ ಅದು ಅಷ್ಟು ಅಗಲವಾಗಿ, ಅಷ್ಟು ಶಾಂತವಾಗಿ ಮಲಗಿದೆ. ಕೊಂಕಣ ರೈಲುಮಾರ್ಗದ ಅತಿ ಉದ್ದವಾದ ಸೇತುವೆಯನ್ನು ಕಟ್ಟಬೇಕಾದುದು ಈ ಹೊಳೆಯ ಮೇಲೆಯೇ. ಅದರ ಉದ್ದ ಎರಡು ಕಿಲೋಮೀಟರಿಗೂ ಹೆಚ್ಚು.

ನಮ್ಮ ದೋಣಿಯಾದರೋ ಬಹಳ ಚಿಕ್ಕದು. ಐದೂವರೆ ಮೀಟರು ಉದ್ದದ ಫೈಬರಿನ ಒಡಲು, ಹಿಂಬದಿಗೆ ತಗುಲಿಸಿದ 25 ಅಶ್ವಶಕ್ತಿಯ ಮೋಟಾರು, ಒಂದು ಲಂಗರು, ಎರಡು ಹುಟ್ಟು, ನೀರು ಮೊಗೆದು ಚೆಲ್ಲಲು ಒಂದು ಡಬ್ಬ. ನಾವು ನಾಲ್ವರು; ದೋಣಿಯನ್ನು ನಡೆಸುವ ತಾಂಡೇಲನು ಐದನೆಯವನು. ಹೊಳೆಯಲ್ಲಿ ಮೇಲಕ್ಕೆ ಹೋಗಿಬಂದು, ಅನಂತರ ಅಳಿವೆಯನ್ನು ದಾಟಿ ಕಡಲನ್ನು ಸೇರಿ, ಬಸವರಾಜದುರ್ಗವೆಂಬ ಕೋಟೆಯ ನಡುಗಡ್ಡೆಯನ್ನು ನೀರಿನಿಂದಲೇ ನೋಡಬೇಕೆಂಬುದು ನಮ್ಮ ಬಯಕೆ. ಒಂದೇ ದಿನದಲ್ಲಿ ಇವೆರಡೂ ಮುಗಿಯುವುವೆಂದು ನಾವು ಎಣಿಸಿದ್ದೆವು. ಆದರೆ ಹೊಳೆಗೆ ಅದರದೇ ಆದ ವೇಳಾಪಟ್ಟಿ ಉಂಟೆಂಬುದನ್ನು ನಾವು ಕಲಿಯಬೇಕಾಗಿತ್ತು. ಆ ಕಲಿಕೆಯನ್ನೇ ಇಲ್ಲಿ ವಾಚಕರೊಡನೆ ಹಂಚಿಕೊಳ್ಳುತ್ತೇವೆ.

ದೋಣಿ ತೇಲುವ ಲೆಕ್ಕ

ಮುಳುಗಿದ ವಸ್ತುವು ತಾನು ಸರಿಸಿದ ನೀರಿನ ತೂಕದಷ್ಟೇ ಒತ್ತನ್ನು ಮೇಲ್ಮುಖವಾಗಿ ಪಡೆಯುವುದೆಂದು ಆರ್ಕಿಮಿಡೀಸನು ಕಂಡುಕೊಂಡ ನಿಯಮವನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಅದನ್ನು ದೋಣಿಗೆ ಅನ್ವಯಿಸಿ ನೋಡೋಣ. ಒಡಲಿನ ತೂಕ 200 ಕಿಲೋಗ್ರಾಂ, ಮೋಟಾರು 55, ಪೆಟ್ರೋಲು ಮತ್ತು ಸಾಮಾನುಗಳು 45, ಐದು ಜನರು ಸೇರಿ 300: ಒಟ್ಟು 600 ಕಿಲೋಗ್ರಾಂ ಎಂದು ಹಿಡಿಯೋಣ. ಆಗ ದೋಣಿಯು ಹೊಳೆಯ ಸಿಹಿನೀರಿನಲ್ಲಿ 600 ಲೀಟರು ನೀರನ್ನು ಸರಿಸುವವರೆಗೆ ಇಳಿದು, ಅಲ್ಲಿ ನಿಲ್ಲುವುದು. ಕಡಲಿನ ನೀರು ಉಪ್ಪಿನ ಕಾರಣ ಶೇಕಡಾ ಎರಡೂವರೆಯಷ್ಟು ಹೆಚ್ಚು ಭಾರ. ಅಲ್ಲಿ 585 ಲೀಟರು ಸರಿಸಿದರೆ ಸಾಕು. ನೀರಿನ ಮಟ್ಟದಲ್ಲಿ ದೋಣಿಯ ವಿಸ್ತೀರ್ಣ ಸುಮಾರು ಐದು ಚದರ ಮೀಟರು ಇದ್ದರೆ, ಹೊಳೆಯಿಂದ ಕಡಲಿಗೆ ಹೋದಾಗ ದೋಣಿ ಮೂರು ಮಿಲಿಮೀಟರು ಮೇಲೇಳುವುದು. ಅದು ಕಣ್ಣಿಗೆ ಕಾಣದು. ಆದರೆ 60 ಕಿಲೋಗ್ರಾಂ ತೂಕದ ಇನ್ನೊಬ್ಬನು ಹತ್ತಿದರೆ ದೋಣಿ 12 ಮಿಲಿಮೀಟರು ಇಳಿಯುವುದು. ನಾಲ್ಕು ಜನ ಹೆಚ್ಚಾಗಿ ಹತ್ತಿದರೆ ಅಂಚು ನೀರಿಗೆ ಸುಮಾರು ಐದು ಸೆಂಟಿಮೀಟರು ಹತ್ತಿರವಾಗುವುದು. ಹೊಳೆಯಲ್ಲಿ ಇದು ಅಲ್ಪವೆನಿಸಬಹುದು. ಅಲೆಗಳ ನಡುವೆ ಅದೇ ಐದು ಸೆಂಟಿಮೀಟರು ಪ್ರಾಣದ ಬೆಲೆಯುಳ್ಳದ್ದು.

ತೇಲಿದರೆ ಮಾತ್ರ ಸಾಲದು, ಮಗುಚದೆಯೂ ಇರಬೇಕಷ್ಟೆ. ದೋಣಿ ಒಂದು ಕಡೆಗೆ ವಾಲಿದಾಗ ಆ ಕಡೆಯ ಒಡಲು ಹೆಚ್ಚು ಮುಳುಗುವುದರಿಂದ ನೀರಿನ ಒತ್ತು ಅತ್ತ ಸರಿದು, ದೋಣಿಯನ್ನು ನೆಟ್ಟಗೆ ನಿಲ್ಲಿಸಲು ಹವಣಿಸುವುದು. ಒಳಗಿನ ಭಾರದ ಕೇಂದ್ರ ಕೆಳಗಿದ್ದಷ್ಟೂ ಈ ಹವಣಿಕೆ ಗೆಲ್ಲುವುದು. ಫ್ರಾನ್ಸಿನ ಪಿಯೆರ್ ಬುಗೇ ಎಂಬ ವಿದ್ವಾಂಸನು 1746ರಲ್ಲಿ ಈ ವಿಷಯವನ್ನು ಗಣಿತದಿಂದ ವಿವರಿಸಿದನು. ನಮ್ಮ ತಾಂಡೇಲನು ಬುಗೇಯನ್ನು ಓದಿದವನಲ್ಲ. ಆದರೂ ನಮ್ಮಲ್ಲಿ ಒಬ್ಬರು ಚಿತ್ರ ತೆಗೆಯಲು ಎದ್ದು ನಿಂತೊಡನೆ, “ಕೂತ್ಕೊಳ್ಳಿ ಮಾರಾಯ್ರೇ” ಎಂದು ಗದರಿದನು. ಎರಡರ ಅರ್ಥವೂ ಒಂದೇ.

ಬೆನ್ನಿಗೆ ಕಟ್ಟಿದ ಯಂತ್ರ

ದೋಣಿಯ ಹೊರಗೆ ತಗುಲಿಸಿ, ಬೇಕೆಂದಾಗ ಕಳಚಿ ಹೆಗಲ ಮೇಲೆ ಹೊತ್ತೊಯ್ಯಬಹುದಾದ ಯಂತ್ರವನ್ನು ಜನಪ್ರಿಯಗೊಳಿಸಿದವನು ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಓಲೆ ಎವಿನ್‌ರೂಡ್. ಬೇಸಗೆಯ ಒಂದು ದಿನ ತನ್ನ ಗೆಳತಿಗಾಗಿ ಐಸ್‌ಕ್ರೀಂ ತರಲು ಆತನು ಸರೋವರವನ್ನು ಹುಟ್ಟುಹಾಕಿ ದಾಟಿದನೆಂದೂ, ಮರಳುವಷ್ಟರಲ್ಲಿ ಅದು ಕರಗಿ ನೀರಾಗಿತ್ತೆಂದೂ, ಆಗಲೇ ಯಂತ್ರದ ಯೋಚನೆ ಹುಟ್ಟಿತೆಂದೂ ಒಂದು ಕಥೆಯುಂಟು. ಇಂಥ ಯಂತ್ರಗಳು ಆತನಿಗಿಂತ ಮೊದಲೂ ಬಂದಿದ್ದುವು. ಆದರೆ 1909ರಲ್ಲಿ ಆತನು ಮಾರಾಟಕ್ಕಿಟ್ಟ, ಒಂದೂವರೆ ಅಶ್ವಶಕ್ತಿಯ, ಸುಮಾರು 28 ಕಿಲೋಗ್ರಾಂ ತೂಕದ ಯಂತ್ರವು ಮನೆಮಾತಾಯಿತು. ಇಂದು ನಮ್ಮ ಕರಾವಳಿಯ ನಾಡದೋಣಿಗಳ ಬೆನ್ನಮೇಲೆ ಗುಡುಗುವ, ಹಲವೆಡೆ ಸೀಮೆ ಎಣ್ಣೆಯಿಂದ ನಡೆಯುವ ಯಂತ್ರಗಳು ಅದರ ಸಂತಾನವೇ.

ಇದರ ರಚನೆ ಸರಳ. ಮೇಲ್ತುದಿಯಲ್ಲಿ ಎಂಜಿನು, ಕೆಳಗೆ ಇಳಿದು ಬಂದ ನೆಟ್ಟನೆಯ ದಂಡ, ನೀರಿನೊಳಗೆ ಹಲ್ಲುಚಕ್ರಗಳ ಪೆಟ್ಟಿಗೆ, ಅದರ ತುದಿಗೆ ಪ್ರೊಪೆಲ್ಲರು. ಪ್ರತ್ಯೇಕವಾದ ಚುಕ್ಕಾಣಿ ಇಲ್ಲ. ಹಿಡಿಯನ್ನು ಎಡಕ್ಕೆ ತಳ್ಳಿದರೆ ಯಂತ್ರವಿಡೀ ತಿರುಗಿ, ದೋಣಿಯ ಮೂತಿ ಬಲಕ್ಕೆ ಹೊರಳುವುದು. ಎಂಜಿನನ್ನು ತಂಪಾಗಿಡಲು ಹೊಳೆಯ ನೀರನ್ನೇ ಹೀರಿ ಸುತ್ತಾಡಿಸಿ ಹೊರಗೆ ಚೆಲ್ಲುವ ಏರ್ಪಾಟು ಉಂಟು. ಯಂತ್ರದ ಬದಿಯಿಂದ ಸಣ್ಣಗೆ ಚಿಮ್ಮುವ ನೀರಿನ ಎಳೆಯು ಅದರ ಗುರುತು. ಆ ಎಳೆ ನಿಂತರೆ ಕೆಸರೋ ಕಸವೋ ಹೀರುಬಾಯಿಗೆ ಸಿಕ್ಕಿದೆಯೆಂದು ತಿಳಿದು ಕೂಡಲೆ ಯಂತ್ರವನ್ನು ನಿಲ್ಲಿಸತಕ್ಕದ್ದು.

ಪ್ರೊಪೆಲ್ಲರನ್ನು ಮರದೊಳಗೆ ಇಳಿಯುವ ತಿರುಪುಮೊಳೆಗೆ ಹೋಲಿಸಬಹುದು. ಒಂದು ಸುತ್ತಿಗೆ ಅದು 25 ಸೆಂಟಿಮೀಟರು ಮುಂದೆ ಸಾಗುವಂಥದೆಂದೂ, ನಿಮಿಷಕ್ಕೆ 2,500 ಸುತ್ತು ತಿರುಗುವುದೆಂದೂ ಭಾವಿಸೋಣ. ಆಗ ಗಂಟೆಗೆ ಮೂವತ್ತೇಳೂವರೆ ಕಿಲೋಮೀಟರು ಸಾಗಬೇಕು. ಆದರೆ ನೀರು ಮರದಂತೆ ಗಟ್ಟಿಯಲ್ಲ; ತಳ್ಳಿದಾಗ ಹಿಂದಕ್ಕೆ ಜಾರುವುದು. ಜಾರುವಿಕೆಯಲ್ಲಿ ಐದನೆಯ ಒಂದು ಪಾಲು ಕಳೆದರೆ ಉಳಿಯುವುದು 30 ಕಿಲೋಮೀಟರು. ಈ ಜಾರುವಿಕೆಯನ್ನು ದೋಷವೆನ್ನಲಾಗದು. ನೀರನ್ನು ಹಿಂದಕ್ಕೆ ತಳ್ಳುವುದರಿಂದಲೇ ದೋಣಿ ಮುಂದಕ್ಕೆ ಹೋಗುವುದು. ಇದು ನ್ಯೂಟನ್ನನ ಮೂರನೆಯ ನಿಯಮ.

ವೇಗಕ್ಕೊಂದು ಗುಡ್ಡ

ಯಂತ್ರ ಹೊರಟೊಡನೆ ದೋಣಿ ಹಾರಲಿಲ್ಲ. ಮೊದಲು ಅದರ ಮೂತಿ ಮೇಲೆದ್ದಿತು, ಹಿಂಬದಿ ಕುಸಿಯಿತು, ಶಬ್ದ ಬೆಳೆಯಿತೇ ಹೊರತು ವೇಗ ಅದಕ್ಕೆ ತಕ್ಕಂತೆ ಬೆಳೆಯಲಿಲ್ಲ. ಕೆಲವು ಕ್ಷಣಗಳ ಮೇಲೆ ದೋಣಿ ಒಮ್ಮೆಲೆ ಮಟ್ಟಸವಾಗಿ, ನೀರಿನ ಮೇಲೆ ಜಾರುತ್ತ ಓಡತೊಡಗಿತು. ಇದೇಕೆ ಹೀಗೆ?

ನೀರನ್ನು ಸೀಳುವ ಪ್ರತಿಯೊಂದು ದೋಣಿಯೂ ಅಲೆಗಳನ್ನು ಎಬ್ಬಿಸುವುದು. ವೇಗ ಹೆಚ್ಚಿದಂತೆ ಈ ಅಲೆಗಳ ಉದ್ದವೂ ಹೆಚ್ಚುವುದು. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮನಾದಾಗ ಒಂದು ಏಣು ಮೂತಿಯ ಕೆಳಗೆ, ಇನ್ನೊಂದು ಹಿಂಬದಿಯಲ್ಲಿ, ದೋಣಿ ಅವೆರಡರ ನಡುವಿನ ತಗ್ಗಿನಲ್ಲಿ. ಇನ್ನೂ ವೇಗವಾಗಿ ಹೋಗಬೇಕಾದರೆ ತಾನೇ ಎಬ್ಬಿಸಿದ ಗುಡ್ಡವನ್ನು ತಾನೇ ಏರಬೇಕು. ನೀರಿನ ಮಟ್ಟದಲ್ಲಿ ಐದು ಮೀಟರು ಉದ್ದವಿರುವ ದೋಣಿಗೆ ಈ ಗುಡ್ಡ ಎದುರಾಗುವುದು ಗಂಟೆಗೆ ಸುಮಾರು 10 ಕಿಲೋಮೀಟರು ವೇಗದಲ್ಲಿ. ವಿಲಿಯಂ ಫ್ರೌಡ್ ಎಂಬ ಇಂಗ್ಲಿಷ್ ಎಂಜಿನಿಯರನು 1870ರ ದಶಕದಲ್ಲಿ ಟಾರ್ಕಿ ಎಂಬಲ್ಲಿ ಉದ್ದನೆಯ ತೊಟ್ಟಿಯನ್ನು ಕಟ್ಟಿಸಿ, ಅದರಲ್ಲಿ ಹಡಗುಗಳ ಪುಟ್ಟ ಮಾದರಿಗಳನ್ನು ಎಳೆಸಿ, ಈ ತಡೆಯನ್ನು ಅಳೆದನು. ಹಗುರವಾದ ಒಡಲು, ಚಪ್ಪಟೆಯಾದ ತಳ, ಸಾಕಷ್ಟು ಶಕ್ತಿಯ ಯಂತ್ರ ಇವಿದ್ದರೆ ಗುಡ್ಡವನ್ನು ಏರಿ ದಾಟಬಹುದು. ಆಮೇಲೆ ದೋಣಿಯ ಭಾರದ ಬಹುಪಾಲನ್ನು ಹೊರುವುದು ತಳಕ್ಕೆ ಬಡಿಯುವ ನೀರಿನ ರಭಸ.

ಹೀಗೆ ಓಡುವುದು ಆನಂದವೇ ಸರಿ; ಆದರೆ ಎಲ್ಲೆಡೆಯೂ ಅಲ್ಲ. ದಂಡೆಯ ಕಾಂಡ್ಲಾ ಗಿಡಗಳ ಬಳಿ, ಪಾತಿದೋಣಿಯಲ್ಲಿ ಬಲೆ ಬೀಸುವವರ ಬಳಿ ವೇಗವನ್ನು ತಗ್ಗಿಸಬೇಕು. ನಮ್ಮ ಹಿಂದೆ ಏಳುವ ಅಲೆಯು ದಂಡೆಯ ಮಣ್ಣನ್ನು ಕೊರೆಯುವುದು, ಪಾತಿಯನ್ನು ಮಗುಚಲೂಬಹುದು. ನಿಧಾನವಾಗಿ ಹೋದರೆ ನಮಗೂ ಲಾಭವುಂಟು. ಮಾವಿನಕುರ್ವೆಯ ತೆಂಗಿನ ತೋಟಗಳು, ಗೂಟದ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವ ನೀರುಕಾಗೆ, ನೀರಿನ ಮೇಲೆ ನಿಂತ ಮಂಜು, ಇವನ್ನು ಓಡುವ ದೋಣಿಯಿಂದ ನೋಡಲಾಗದು.

ಭರತ ಮತ್ತು ಇಳಿತ

ಆ ದಿನ ಹುಣ್ಣಿಮೆಗೆ ಇನ್ನೂ ನಾಲ್ಕು ದಿನವಿತ್ತು. ಬೆಳಿಗ್ಗೆ ಎಂಟು ಗಂಟೆಯ ಸುಮಾರಿಗೆ ಭರತ ಮುಗಿಯುವುದೆಂದು ತಾಂಡೇಲನು ಹೇಳಿದ್ದನು. ಗ್ರಂಥಗಳಲ್ಲಿ ಉಬ್ಬರವೆನಿಸಿಕೊಳ್ಳುವುದೇ ಕರಾವಳಿಯ ಮಾತಿನಲ್ಲಿ ಭರತ. ಚಂದ್ರ ಸೂರ್ಯರ ಆಕರ್ಷಣೆಯಿಂದ ಕಡಲು ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಉಬ್ಬುವುದು. ಆದುದರಿಂದ ಇಂದಿನ ಭರತಕ್ಕಿಂತ ನಾಳೆಯದು ಸುಮಾರು 50 ನಿಮಿಷ ತಡ. ಅಮಾವಾಸ್ಯೆ ಹುಣ್ಣಿಮೆಗಳ ಹತ್ತಿರ ಏರಿಳಿತ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಭಾರತೀಯ ಸರ್ವೇಕ್ಷಣ ಇಲಾಖೆಯು ಮುಖ್ಯ ಬಂದರುಗಳ ಉಬ್ಬರದ ವೇಳೆಯನ್ನು ವರ್ಷ ವರ್ಷವೂ ಮುಂಗಡವಾಗಿ ಲೆಕ್ಕ ಹಾಕಿ ಪ್ರಕಟಿಸುವುದು.

ನೀರು ಒಂದೇ ಸಮನೆ ಇಳಿಯುವುದಿಲ್ಲ. ನಾವಿಕರು ಬಳಸುವ ಒಂದು ಸುಲಭ ಸೂತ್ರವುಂಟು. ಒಟ್ಟು ಇಳಿತವನ್ನು ಹನ್ನೆರಡು ಪಾಲು ಮಾಡಿದರೆ, ಆರು ಗಂಟೆಗಳಲ್ಲಿ ಕ್ರಮವಾಗಿ ಒಂದು, ಎರಡು, ಮೂರು, ಮೂರು, ಎರಡು, ಒಂದು ಪಾಲಿನಂತೆ ಇಳಿಯುವುದು. ಒಟ್ಟು 120 ಸೆಂಟಿಮೀಟರು ಇಳಿಯುವ ದಿನ, ಮೊದಲ ಗಂಟೆಯಲ್ಲಿ 10 ಸೆಂಟಿಮೀಟರು ಮಾತ್ರ. ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ 30, 30. ಪ್ರವಾಹದ ಸೆಳೆತ ಅತಿ ಜೋರಾಗಿರುವುದು ಈ ನಡುವಿನ ಎರಡು ಗಂಟೆಗಳಲ್ಲಿ.

ಈ ಪ್ರವಾಹವನ್ನು ಪೆಟ್ರೋಲಿನ ಲೆಕ್ಕದಲ್ಲಿಯೂ ಸೇರಿಸಬೇಕು. ನಿಂತ ನೀರಿನಲ್ಲಿ ಗಂಟೆಗೆ 10 ಕಿಲೋಮೀಟರು ಸಾಗುವ ದೋಣಿಯು 4 ಕಿಲೋಮೀಟರು ವೇಗದ ಪ್ರವಾಹದೊಡನೆ 14, ಅದರ ಎದುರಾಗಿ 6 ಕಿಲೋಮೀಟರು ಸಾಗುವುದು. 12 ಕಿಲೋಮೀಟರು ದೂರಕ್ಕೆ ಹೋಗಲು 51 ನಿಮಿಷ, ಬರಲು ಎರಡು ಗಂಟೆ. ಒಟ್ಟು 2 ಗಂಟೆ 51 ನಿಮಿಷ. ಪ್ರವಾಹವೇ ಇಲ್ಲದಿದ್ದರೆ 2 ಗಂಟೆ 24 ನಿಮಿಷ ಸಾಕಾಗುತ್ತಿತ್ತು. ಹೋಗುವಾಗಿನ ಲಾಭವು ಬರುವಾಗಿನ ನಷ್ಟಕ್ಕೆ ಸರಿಹೋಗುವುದೆಂದು ಎಣಿಸುವುದು ತಪ್ಪು. ಆದುದರಿಂದಲೇ ಬಲ್ಲವರು ಪೆಟ್ರೋಲನ್ನು ಮೂರು ಪಾಲು ಮಾಡುವರು: ಹೋಗಲು ಒಂದು, ಬರಲು ಒಂದು, ಆಪತ್ತಿಗೆ ಒಂದು. ಇನ್ನೂ ಬಲ್ಲವರು ಭರತದೊಡನೆ ಮೇಲಕ್ಕೆ ಹೋಗಿ ಇಳಿತದೊಡನೆ ಮರಳುವರು. ಗೇರುಸೊಪ್ಪೆಯಿಂದ ಕಾಳುಮೆಣಸು ಇದೇ ಹೊಳೆಯ ದಾರಿಯಾಗಿ ಕಡಲಿಗೆ ಇಳಿಯುತ್ತಿದ್ದ ಕಾಲದಲ್ಲಿ, ಪೋರ್ಚುಗೀಸರು ಅಲ್ಲಿನ ರಾಣಿ ಚೆನ್ನಭೈರಾದೇವಿಯನ್ನು ‘ಮೆಣಸಿನ ರಾಣಿ’ ಎಂದು ಕರೆಯುತ್ತಿದ್ದ 16ನೆಯ ಶತಮಾನದಲ್ಲಿ, ದೋಣಿಗಳಿಗೆ ಎಂಜಿನು ಇರಲಿಲ್ಲ. ಭರತ ಇಳಿತಗಳ ನೆರವಂತೂ ಇದ್ದಿತು.

ಭರತದ ಉಪ್ಪುನೀರು ಭಾರವಾದುದರಿಂದ ಸಿಹಿನೀರಿನ ಅಡಿಯಲ್ಲಿ ನುಸುಳಿ ಮೇಲಕ್ಕೆ ಹೋಗುವುದು. ಆದರೆ ಶರಾವತಿಯಲ್ಲಿ ಈ ವ್ಯವಸ್ಥೆ ಮಾರ್ಪಟ್ಟಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾದ ಮೇಲೆ, ವಿದ್ಯುದಾಗಾರಗಳಿಂದ ಬೇಸಗೆಯಲ್ಲಿಯೂ ಸಿಹಿನೀರು ಹರಿದು ಬರುತ್ತದೆ. ಅಳಿವೆಯ ಉಪ್ಪು ಕಡಿಮೆಯಾಗಿ, ಉಪ್ಪನ್ನು ಬೇಡುವ ಬಳಚು ಮುಂತಾದ ಚಿಪ್ಪುಜೀವಿಗಳು ಇಲ್ಲಿ ಕ್ಷೀಣಿಸಿವೆ. ಉತ್ತರಕ್ಕೆ ಹತ್ತಿರದಲ್ಲೇ ಇರುವ ಅಘನಾಶಿನಿಗೆ ಅಂಥ ಅಣೆಕಟ್ಟು ಇಲ್ಲ. ಅಲ್ಲಿ ಇಳಿತದ ಹೊತ್ತಿಗೆ ಬಳಚು ಹೆಕ್ಕಿ ಜೀವಿಸುವ ಕುಟುಂಬಗಳು ಬಹಳ. ಆ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ಜೌಗುಪ್ರದೇಶವೆಂದು ಘೋಷಿಸಲಾಯಿತು. ದೀಪ ಉರಿಸುವ ನೀರಿಗೂ ಒಂದು ಬೆಲೆಯುಂಟೆಂಬುದು ಹೊಳೆಯ ಕೊನೆಯಲ್ಲಿ ಹೀಗೆ ಕಾಣುವುದು.

ನಡುಹೊಳೆಯಲ್ಲಿ ನಿಂತ ಯಂತ್ರ

ಮೇಲಿನಿಂದ ಮರಳಿ ರೈಲು ಸೇತುವೆಯನ್ನು ಸಮೀಪಿಸಿದಾಗ ಹನ್ನೊಂದು ಗಂಟೆ. ಇಳಿತದ ನಾಲ್ಕನೆಯ ಗಂಟೆ ಎಂಬುದನ್ನು ವಾಚಕರು ಗಮನಿಸಿರಬಹುದು. ಒಮ್ಮೆಲೆ ಯಂತ್ರ ಮುಕ್ಕರಿಸಿ ನಿಂತುಹೋಯಿತು. ತೇಲಿಬಂದ ಹರಕು ನೈಲಾನು ಬಲೆಯೊಂದು ಪ್ರೊಪೆಲ್ಲರಿಗೆ ಸುತ್ತಿಕೊಂಡಿತ್ತು.

ಶಬ್ದವಡಗಿದೊಡನೆ ಎಲ್ಲವೂ ಶಾಂತವೆನಿಸಿತು. ದೋಣಿ ಅಲುಗುತ್ತಲೇ ಇಲ್ಲವೆಂದು ನಮಗೆ ತೋರಿತು. ಏಕೆಂದರೆ ದೋಣಿಯೂ ಅದರ ಸುತ್ತಲಿನ ನೀರೂ ಒಂದೇ ವೇಗದಲ್ಲಿ ಸಾಗುತ್ತಿದ್ದುವು. ಸೇತುವೆಯ ಕಂಬಗಳತ್ತ ನೋಡಿದಾಗ ಮಾತ್ರ ಎದೆ ಝಲ್ಲೆಂದಿತು. ಅವು ಒಂದೊಂದಾಗಿ ಹಿಂದೆ ಸರಿಯುತ್ತಿದ್ದುವು. ಗಂಟೆಗೆ 4 ಕಿಲೋಮೀಟರು ವೇಗದಲ್ಲಿ ತೇಲುವ ದೋಣಿಯು ಎರಡು ಕಿಲೋಮೀಟರನ್ನು ಅರ್ಧ ಗಂಟೆಯಲ್ಲಿ ಕ್ರಮಿಸುವುದು. ಅತ್ತ ಕೆಳಗೆ ಅಳಿವೆಯ ಬಾಯಲ್ಲಿ ಬಿಳಿಯ ನೊರೆಯ ಸಾಲು ಕಾಣುತ್ತಿತ್ತು.

ನಮ್ಮಲ್ಲಿ ಮುಂದೆ ಕುಳಿತವರು ಗಾಬರಿಯಿಂದ ಲಂಗರನ್ನು ನೀರಿಗೆ ಎಸೆದು, ಅದು ತಳ ಮುಟ್ಟಿದೊಡನೆ ಹಗ್ಗವನ್ನು ಬಿಗಿದು ಕಟ್ಟಿದರು. ಲಂಗರು ಹಿಡಿಯಲಿಲ್ಲ, ಮರಳಿನ ಮೇಲೆ ಕುಪ್ಪಳಿಸುತ್ತ ನಮ್ಮ ಹಿಂದೆಯೇ ಬಂದಿತು. ತಾಂಡೇಲನು ಬೇಗನೆ ಮುಂದೆ ಬಂದು, ಕಟ್ಟನ್ನು ಬಿಚ್ಚಿ, ಇನ್ನೂ ಹನ್ನೆರಡು ಮೀಟರಿನಷ್ಟು ಹಗ್ಗವನ್ನು ಸಡಿಲ ಬಿಟ್ಟನು. ಹಗ್ಗ ಬಿಗಿಯಾಯಿತು, ದೋಣಿ ಜಗ್ಗಿ ಮೂತಿಯನ್ನು ಪ್ರವಾಹಕ್ಕೆ ತಿರುಗಿಸಿತು, ಕಂಬಗಳು ನಿಂತುವು.

ಲಂಗರು ದೋಣಿಯನ್ನು ಹಿಡಿಯುವುದು ತನ್ನ ತೂಕದಿಂದಲೆಂದು ನಾವು ತಿಳಿದಿದ್ದೆವು. ಅದು ತಪ್ಪು. ಅದರ ಕೊಕ್ಕೆಯು ತಳದೊಳಗೆ ಹೂತುಕೊಳ್ಳುವುದರಿಂದಲೇ ಹಿಡಿತ. ಹಗ್ಗ ಗಿಡ್ಡವಾದರೆ ಎಳೆತವು ಮೇಲ್ಮುಖವಾಗಿ ಕೊಕ್ಕೆ ಕಿತ್ತುಬರುವುದು. ಉದ್ದವಾದರೆ ಎಳೆತ ಅಡ್ಡಲಾಗಿ, ಕೊಕ್ಕೆ ಇನ್ನಷ್ಟು ಆಳಕ್ಕೆ ಇಳಿಯುವುದು. ನೀರಿನ ಆಳದ ಐದು ಪಾಲಾದರೂ ಹಗ್ಗ ಬಿಡಬೇಕು. ಮೂರು ಮೀಟರು ಆಳಕ್ಕೆ ಹದಿನೈದು ಮೀಟರು. ಆಮೇಲೆ ಯಂತ್ರವನ್ನು ಮೇಲೆತ್ತಿ, ಬಲೆಯನ್ನು ಚೂರಿಯಿಂದ ಕೊಯ್ದು ತೆಗೆಯಲು ಹತ್ತು ನಿಮಿಷ ಸಾಕಾಯಿತು. ಕೊಯ್ದ ಚೂರುಗಳನ್ನು ತಾಂಡೇಲನು ನೀರಿಗೆ ಎಸೆಯದೆ ದೋಣಿಯೊಳಗೇ ಇಟ್ಟುಕೊಂಡನು.

ಅಳಿವೆಯ ಬಾಗಿಲು

ಯಂತ್ರ ಮತ್ತೆ ಹೊರಟೊಡನೆ ನಮ್ಮ ಧೈರ್ಯವೂ ಮರಳಿತು. “ಅಣ್ಣಾ, ಇನ್ನು ಕಡಲಿಗೆ ಹೋಗೋಣವೆ?” ಎಂದು ನಮ್ಮಲ್ಲಿ ಕಿರಿಯನಾದ ಕಾಲೇಜು ವಿದ್ಯಾರ್ಥಿ ಕೇಳಿದನು. ತಾಂಡೇಲನು ಅಳಿವೆಯತ್ತ ನೋಡಿ, “ಇಳಿತದಲ್ಲಿ ಅಳಿವೆ ಬಾಯಿಗೆ ದೋಣಿ ಹಾಕುದಿಲ್ಲ. ನಾಳೆ ಬೆಳಿಗ್ಗೆ ಭರತದಲ್ಲಿ ಹೋಗುವ” ಎಂದನು. ಮತ್ತೆ ಮಾತಿಲ್ಲ.

ಆತನ ಮಾತಿನ ಹಿಂದಿರುವ ವಿಜ್ಞಾನವನ್ನು ನೋಡೋಣ. ಹೊಳೆ ಹೊತ್ತುತಂದ ಮರಳನ್ನು ಕಡಲ ಅಲೆಗಳು ತಡೆದು, ಅಳಿವೆಯ ಬಾಯಲ್ಲಿ ದಿಬ್ಬವಾಗಿ ಕೂಡಿಸುವುವು. ಹೊರಗಿನ ಆಳದಲ್ಲಿ ಸೌಮ್ಯವಾಗಿ ಬರುವ ಅಲೆಯು ಈ ದಿಬ್ಬದ ಮೇಲೆ ಬಂದಾಗ, ಅದರ ವೇಗ ಕುಗ್ಗಿ, ಉದ್ದ ತಗ್ಗಿ, ಎತ್ತರ ಹೆಚ್ಚುವುದು. ನೀರಿನ ಆಳವು ಅಲೆಯ ಎತ್ತರದ ಒಂದೂಕಾಲು ಪಾಲಿನ ಸುಮಾರಿಗೆ ಇಳಿದಾಗ ಅಲೆ ಮುರಿದು ಬೀಳುವುದು. ಎಂದರೆ ಒಂದು ಮೀಟರು ಎತ್ತರದ ಅಲೆ ಸುಮಾರು ಒಂದೂಕಾಲು ಮೀಟರು ಆಳದಲ್ಲಿ ಮುರಿಯುವುದು. ಇಳಿತದಲ್ಲಿ ಎರಡು ಕೇಡುಗಳು ಕೂಡಿಬರುವುವು. ದಿಬ್ಬದ ಮೇಲೆ ನೀರು ಕಡಿಮೆಯಾಗುವುದು ಒಂದು. ಹೊರಗೆ ನುಗ್ಗುವ ಹೊಳೆ ಒಳಗೆ ಬರುವ ಅಲೆಯನ್ನು ಎದುರಿಸಿ ಅದನ್ನು ಇನ್ನಷ್ಟು ಕಡಿದಾಗಿಸುವುದು ಇನ್ನೊಂದು. ಅಂಥ ಅಲೆಗೆ ಅಡ್ಡವಾಗಿ ಸಿಕ್ಕಿದ ದೋಣಿ ಉರುಳುವುದು. ಅಳಿವೆಯಲ್ಲಿ ದೋಣಿ ಮಗುಚಿ, ಅಲ್ಲೇ ಹುಟ್ಟಿಬೆಳೆದ ಮೀನುಗಾರರೂ ಪ್ರಾಣ ಕಳೆದುಕೊಂಡ ಸುದ್ದಿಯನ್ನು ಕರಾವಳಿಯವರು ಆಗಾಗ ಕೇಳುತ್ತಿರುವರು. ದಿಬ್ಬವು ವರ್ಷ ವರ್ಷಕ್ಕೂ ಸ್ಥಳ ಬದಲಿಸುವುದರಿಂದ, ನಿನ್ನೆಯ ನಕ್ಷೆಗಿಂತ ಇಂದು ದಾಟಿಬಂದವನ ಮಾತು ಮೇಲು.

ಮರುದಿನ ಭರತದ ತುದಿ ಎಂಟು ಗಂಟೆ ಐವತ್ತು ನಿಮಿಷಕ್ಕೆ. ಎಂಟು ಗಂಟೆಗೆ ನಾವು ಅಳಿವೆಯ ಒಳಗಡೆ ದೋಣಿಯನ್ನು ನಿಧಾನಗೊಳಿಸಿ ಕಾದೆವು. ಹಿಂದಿನ ದಿನದ ನೊರೆಯ ಸಾಲು ಒಂದು ಪಕ್ಕದಲ್ಲಿ ಮಾತ್ರ ಉಳಿದಿತ್ತು. ತಾಂಡೇಲನು ಕೆಲವು ದೊಡ್ಡ ಅಲೆಗಳು ಹಾಯ್ದುಹೋಗುವವರೆಗೆ ತಡೆದು, ಅನಂತರ ಮೂತಿಯನ್ನು ನೇರವಾಗಿ ಅಲೆಗಳಿಗೆ ಹಿಡಿದು, ಒಂದೇ ಸಮನಾದ ವೇಗದಲ್ಲಿ ದಾಟಿಸಿದನು. ನಾಲ್ಕಾರು ಬಾರಿ ಏರಿ ಇಳಿದೆವು, ಮುಖಕ್ಕೆ ಉಪ್ಪುನೀರು ಸಿಡಿಯಿತು, ಅಷ್ಟೆ.

ಕಡಲಿನ ಒಂದು ಗಂಟೆ

ಹೊರಗೆ ಕಡಲು ದೀರ್ಘವಾಗಿ ಉಸಿರಾಡುತ್ತಿತ್ತು. ಅಲೆ ದಡದತ್ತ ಓಡುವುದಾದರೂ ನೀರು ಓಡುವುದಿಲ್ಲ. ಅದು ಇದ್ದಲ್ಲಿಯೇ ಚಕ್ರಾಕಾರವಾಗಿ ಸುತ್ತುವುದು. ತೇಲುವ ತೆಂಗಿನಕಾಯಿಯೊಂದು ಏರಿಳಿಯುತ್ತ ಸುಮಾರಾಗಿ ಇದ್ದಲ್ಲೇ ಇರುವುದನ್ನು ನೋಡಿ ಇದನ್ನು ಮನಗಂಡೆವು. ಬಸವರಾಜದುರ್ಗದ ಕೋಟೆಗೋಡೆ ಬೆಳಗಿನ ಬಿಸಿಲಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಪೂರ್ವಕ್ಕೆ ತಿರುಗಿದರೆ ತೆಂಗಿನ ಸಾಲು, ಅದರ ಹಿಂದೆ ಸಹ್ಯಾದ್ರಿಯ ನೀಲಿಗೆರೆ.

ಅಲ್ಲಿ ಇನ್ನೂ ಇರಬೇಕೆಂದು ಎಲ್ಲರಿಗೂ ಆಸೆ. ಆದರೆ ಹೊತ್ತು ಏರಿದಂತೆ ನೆಲ ಕಾದು, ಮಧ್ಯಾಹ್ನ ಪಡುವಣ ಗಾಳಿ ಏಳುವುದು, ಕಡಲು ಒರಟಾಗುವುದು. ಅಳಿವೆಯ ಬಾಗಿಲೂ ಅಷ್ಟರಲ್ಲಿ ಮುಚ್ಚಿಕೊಳ್ಳುವುದು. ಒಂಬತ್ತು ಗಂಟೆಗೆ ಅಳಿವೆಯನ್ನು ಮತ್ತೆ ದಾಟಿ ಒಳಗೆ ಬಂದೆವು.

ಇಂಥ ಪ್ರವಾಸಕ್ಕೆ ಹೊರಡುವ ತರುಣರು ಕೆಲವು ಮಾತುಗಳನ್ನು ನೆನಪಿನಲ್ಲಿಡಬೇಕು. ಜೂನ್‌ನಿಂದ ಮಳೆಗಾಲದ ಕಡಲು ಚಿಕ್ಕ ದೋಣಿಗೆ ತಕ್ಕದ್ದಲ್ಲ. ಹವಾಮಾನ ಇಲಾಖೆಯೂ, ಅಲೆಗಳ ಮುನ್ಸೂಚನೆ ನೀಡುವ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವೂ ಕೊಡುವ ಸೂಚನೆಗಳನ್ನು ಹೊರಡುವ ಮೊದಲು ನೋಡತಕ್ಕದ್ದು. ಎಲ್ಲಿಗೆ ಹೋಗುವೆವು, ಎಷ್ಟು ಹೊತ್ತಿಗೆ ಬರುವೆವು ಎಂಬುದನ್ನು ದಡದಲ್ಲಿ ಒಬ್ಬರಿಗಾದರೂ ಹೇಳಬೇಕು. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾಗಿ ದೋಣಿಯ ತಳದಲ್ಲಿ ನಿಲ್ಲುವುದರಿಂದ ಅಲ್ಲಿ ಬೀಡಿ ಬೆಂಕಿ ಕೂಡದು. ಲೈಫ್ ಜಾಕೆಟನ್ನು ಸೀಟಿನ ಅಡಿಯಲ್ಲಿಡದೆ ಮೈಮೇಲೆ ಕಟ್ಟಿಕೊಳ್ಳಬೇಕು. ಮನುಷ್ಯನ ದೇಹದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ತಲೆಯೊಂದನ್ನು ನೀರಿನ ಮೇಲೆ ಹಿಡಿದಿಡಲು ಕೆಲವು ಕಿಲೋಗ್ರಾಂ ಒತ್ತು ಸಾಕು. ಜಾಕೆಟು ಮಾಡುವುದು ಅಷ್ಟನ್ನೇ, ಉಳಿಸುವುದು ಜೀವವನ್ನು. ದೋಣಿ ಮಗುಚಿದರೆ ದಡಕ್ಕೆ ಈಜಲು ಹೊರಡದೆ ದೋಣಿಯನ್ನೇ ಹಿಡಿದಿರಬೇಕು.

ಒಂದು ದಿನದ ಪ್ರವಾಸ ಎರಡು ದಿನವಾಯಿತೆಂದು ನಾವು ಮೊದಲು ಬೇಸರಪಟ್ಟೆವು. ಮರುದಿನ ಒಂಬತ್ತೂವರೆಗೆ ದಂಡೆಗೆ ಬಂದು ಇಳಿದು, ಹಿಂದಿನ ದಿನ ನಮಗೆ ಸಿಕ್ಕಿದ ಹರಕು ಬಲೆಯನ್ನು ತಾಂಡೇಲನು ಕಸದ ರಾಶಿಗೆ ಹಾಕುವುದನ್ನು ನೋಡುತ್ತಿದ್ದಾಗ, ಆ ಬೇಸರ ಉಳಿದಿರಲಿಲ್ಲ. ಅಂದು ನಾವು ಹಟ ಹಿಡಿದಿದ್ದರೆ, ಆತನು ನಮ್ಮ ಹಟಕ್ಕೆ ಮಣಿದಿದ್ದರೆ ಏನಾಗುತ್ತಿತ್ತೆಂಬುದನ್ನು ಈಗ ಲೆಕ್ಕ ಹಾಕಬಲ್ಲವರಾಗಿದ್ದೆವು.